ಬಲಕ್ಕಿಂತ ಹದ ದೊಡ್ಡದು: ವಿದ್ಯುತ್ ಮೌಂಟನ್ ಬೈಕಿನ ರಸಿಕರಿಗೊಂದು ಕೈಪಿಡಿ

ಮುಂದೆ, ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ವಿದ್ಯುತ್ ಮೌಂಟನ್ ಬೈಕನ್ನು ಮೊದಲ ಸಲ ಎತ್ತಿ ನೋಡಿದವರು ಹೌಹಾರುತ್ತಾರೆ. 22ರಿಂದ 25 ಕಿಲೋ ತೂಗುವ ಸೈಕಲ್ಲನ್ನು ತುಳಿದುಕೊಂಡು ಗುಡ್ಡ ಹತ್ತುವುದುಂಟೇ ಎಂಬ ಅನುಮಾನ ಅವರಿಗೆ. ಹತ್ತು ನಿಮಿಷ ಸವಾರಿ ಮಾಡಿ ಬಂದ ಮೇಲೆ ಅದೇ ಜನ 'ಏನು ಎಳೆತ ರೀ ಇದರದ್ದು!' ಎನ್ನುತ್ತಾರೆ. ಮೊದಲಿನ ಅನುಮಾನವನ್ನೂ ಆಮೇಲಿನ ಬೆರಗನ್ನೂ ಪಕ್ಕಕ್ಕಿಟ್ಟ ಮೇಲೆಯೇ ಈ ಸೈಕಲ್ಲಿನ ಗುಣಾವಗುಣ ತಿಳಿಯತೊಡಗುವುದು. ಎಳೆತ ಎಲ್ಲ ಮೋಟಾರಿಗೂ ಉಂಟು. ಆ ಎಳೆತ ಕಾಲಿನ ಮಾತು ಕೇಳುತ್ತದೆಯೇ? ಸಸ್ಪೆನ್ಷನ್ ನೆಲದ ಏರುಪೇರಿನಲ್ಲಿ ಎಷ್ಟನ್ನು ನುಂಗಿ ಎಷ್ಟನ್ನು ಸವಾರನಿಗೆ ಮುಟ್ಟಿಸುತ್ತದೆ? ಇಷ್ಟು ತೂಕ ತಿರುವಿನಲ್ಲಿ ನೆರವಾಗುತ್ತದೆಯೋ, ಅಡ್ಡ ಬರುತ್ತದೆಯೋ? ರಸಿಕ ನೋಡಬೇಕಾದ್ದು ಇಂಥವನ್ನು.

ಇಳಿತದಿಂದ ಏರಿಗೆ

ಮೌಂಟನ್ ಬೈಕಿಂಗ್ ಬೆಳೆದದ್ದೇ ಗುಡ್ಡ ಇಳಿಯುವ ಹುಚ್ಚಿನಿಂದ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರಲ್ಲಿ ಗೆಳೆಯರ ಗುಂಪೊಂದು ದಪ್ಪ ಟೈರಿನ ಹಳೆಯ ಸೈಕಲ್ಲುಗಳಲ್ಲಿ ಕಡಿದಾದ ಮಣ್ಣುದಾರಿಯೊಂದನ್ನು ಇಳಿಯುವ ಪಂದ್ಯ ಶುರುಮಾಡಿತು. ಗ್ಯಾರಿ ಫಿಶರ್, ಜೋ ಬ್ರೀಜ್, ಚಾರ್ಲಿ ಕೆಲಿ ಆ ಗುಂಪಿನವರು. ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕು ಒಂದೇ ಇಳಿತಕ್ಕೆ ಕಾದು, ಹಬ್ಬಿನೊಳಗಿನ ಗ್ರೀಸು ಸುಟ್ಟುಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಪಂದ್ಯಕ್ಕೆ 'ರಿಪ್ಯಾಕ್' ಎಂಬ ಹೆಸರು ಬಂದದ್ದು ಅದರಿಂದಲೇ. 1977ರಲ್ಲಿ ಜೋ ಬ್ರೀಜ್ ಈ ಬಗೆಯ ಸವಾರಿಗೆಂದೇ ಹೊಸ ಫ್ರೇಮು ಕಟ್ಟಿದರು. ತೊಂಬತ್ತರ ದಶಕದಲ್ಲಿ ಮೊದಲು ಮುಂದೆ, ಆಮೇಲೆ ಹಿಂದೆ ಸಸ್ಪೆನ್ಷನ್ ಹರಡಿತು. ಇಳಿತ ಹೀಗೆ ವರ್ಷದಿಂದ ವರ್ಷಕ್ಕೆ ಸೊಗಸಾಗುತ್ತ ಹೋಯಿತು. ಏರು ಮಾತ್ರ ಹಲ್ಲು ಕಚ್ಚಿ ಮುಗಿಸಬೇಕಾದ ಕೆಲಸವಾಗಿಯೇ ಉಳಿದಿತ್ತು.

ಮೋಟಾರು ಬಂದು ಬದಲಾದದ್ದು ಈ ಏರು. ಉಸಿರು ಕಟ್ಟಿ ಇಳಿದು ತಳ್ಳುತ್ತಿದ್ದ ಜಾಗದಲ್ಲಿ ಈಗ ದಾರಿ ಆರಿಸಬಹುದು, ಬೇರುಗಳ ಮೆಟ್ಟಿಲನ್ನು ಹತ್ತಬಹುದು, ಬಂಡೆಯ ಮೇಲೆ ಸಮತೋಲ ಹುಡುಕಬಹುದು. ಕೆನಡಾದ ಮಾಂಟ್-ಸೇಂಟ್-ಆನ್‌ನಲ್ಲಿ 2019ರಲ್ಲಿ ಈ ಸೈಕಲ್ಲುಗಳ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದು, ದಕ್ಷಿಣ ಆಫ್ರಿಕಾದ ಅಲನ್ ಹ್ಯಾಥರ್ಲಿ ಮತ್ತು ಸ್ವಿಟ್ಜರ್ಲೆಂಡಿನ ನತಾಲಿ ಶ್ನೈಟರ್ ಗೆದ್ದರು. ಮೋಟಾರು ಎಲ್ಲರಿಗೂ ಇದ್ದಾಗ ಗೆಲುವನ್ನು ತೀರ್ಮಾನಿಸುವುದು ಸವಾರನ ಕಾಲು, ಕಣ್ಣು, ಕೌಶಲಗಳೇ.

ಹತ್ತುವ ಮೊದಲು

ಅಂಗಡಿಯಿಂದಲೋ ಗೆಳೆಯರಿಂದಲೋ ತಂದ ಸೈಕಲ್ಲನ್ನು ಹಾಗೇ ಓಡಿಸಿ ಅಭಿಪ್ರಾಯ ಹೇಳಬೇಡಿ. ಹಿಂದಿನ ಗಾಲಿಯ ಹೊಡೆತ ನುಂಗುವ ಶಾಕ್‌ನ ಗಾಳಿಯನ್ನು ಮೊದಲಿನ ಸವಾರನ ತೂಕಕ್ಕೆ ತುಂಬಿದ್ದರೆ ನಿಮಗೆ ಸಿಗುವುದು ಅವನ ಸೈಕಲ್ಲು. 90 ಕಿಲೋ ಆಳಿಗೆ ಹೊಂದಿಸಿದ ಶಾಕ್ ಮೇಲೆ 60 ಕಿಲೋದವರು ಕೂತರೆ ಅತ್ಯುತ್ತಮ ಸಸ್ಪೆನ್ಷನ್ನೂ ಮರದ ಹಲಗೆಯಂತೆ ಸೆಟೆದುಕೊಳ್ಳುತ್ತದೆ.

ಮೊದಲು ನೋಡಬೇಕಾದ್ದು ಸ್ಯಾಗ್, ಅಂದರೆ ನೀವು ಸುಮ್ಮನೆ ಕೂತಾಗ ಶಾಕ್ ಎಷ್ಟು ತಗ್ಗುತ್ತದೆ ಎಂಬುದು. ಹೆಲ್ಮೆಟ್, ಬೆನ್ನಚೀಲ, ನೀರು ಎಲ್ಲ ಸಮೇತ ಸೀಟಿನ ಮೇಲೆ ಕೂತು ಎರಡು ಸಲ ಮೆಲ್ಲಗೆ ಕುಲುಕಿ. ಶಾಕ್ ಮೇಲಿರುವ ರಬ್ಬರ್ ಉಂಗುರವನ್ನು ಸೀಲಿನವರೆಗೆ ಸರಿಸಿ, ಅಲುಗಾಡದಂತೆ ಇಳಿದು, ಉಂಗುರ ಎಷ್ಟು ದೂರ ಸರಿದಿದೆ ಅಳೆಯಿರಿ. ಶಾಕ್‌ನ ಓಟ (ಅದು ಪೂರ್ತಿ ಕುಗ್ಗಬಲ್ಲ ದೂರ) 60 ಮಿ.ಮೀ. ಇದ್ದರೆ ಸುಮಾರು 18 ಮಿ.ಮೀ., ಅಂದರೆ ಶೇ 30ರಷ್ಟು ತಗ್ಗುವುದು ಟ್ರೇಲ್ ಸವಾರಿಗೆ ಒಳ್ಳೆಯ ಆರಂಭ. ಮುಂದಿನ ಫೋರ್ಕಿಗೆ ಪೆಡಲಿನ ಮೇಲೆ ನಿಂತು ಇದೇ ರೀತಿ ಅಳೆದಾಗ ಶೇ 20ರ ಆಸುಪಾಸು ಸಾಕು. ತಗ್ಗಿನಲ್ಲಿ ಗಾಲಿ ಕೆಳಗಿಳಿದು ನೆಲ ಹಿಡಿಯಬೇಕಲ್ಲ, ಅದಕ್ಕೆ ಈ ತಗ್ಗುವಿಕೆ ಬೇಕು.

ಎರಡನೆಯದು ರೀಬೌಂಡ್: ಕುಗ್ಗಿದ ಶಾಕ್ ಮೇಲೇಳುವ ವೇಗ. ಫುಟ್‌ಪಾತಿನ ಅಂಚಿನಿಂದ ಕೂತೇ ನಿಧಾನಕ್ಕೆ ಇಳಿಯಿರಿ. ಹಿಂಭಾಗ ಕುಗ್ಗಿ, ಎದ್ದು, ಒಂದೇ ಸಲಕ್ಕೆ ನೆಲೆಗೊಳ್ಳಬೇಕು. ಎರಡು ಮೂರು ಸಲ ಕುಣಿದರೆ ವೇಗ ಹೆಚ್ಚಾಯಿತು. ಏಳಲು ಸೋಮಾರಿತನ ತೋರಿದರೆ ಸಾಲು ಕಲ್ಲುಗಳ ಮೇಲೆ ಶಾಕ್ ಪ್ರತಿ ಹೊಡೆತಕ್ಕೂ ಇನ್ನಷ್ಟು ಕುಗ್ಗುತ್ತ ಹೋಗಿ, ಕೊನೆಗೆ ಓಟವೇ ಉಳಿಯುವುದಿಲ್ಲ.

ಟೈರಿನ ಗಾಳಿಯೂ ಸಸ್ಪೆನ್ಷನ್ನಿನ ಭಾಗವೇ. 2.4 ಅಥವಾ 2.6 ಇಂಚಿನ ಟ್ಯೂಬ್‌ಲೆಸ್ ಟೈರಿಗೆ, 75 ಕಿಲೋ ಸವಾರನಿಗೆ, ಮುಂದೆ ಸುಮಾರು 22, ಹಿಂದೆ 25 ಪಿಎಸ್‌ಐಯಿಂದ ಶುರುಮಾಡಿ. ಪೇಟೆಯ ರಸ್ತೆಯ ಲೆಕ್ಕದಲ್ಲಿ ಗಾಳಿ ಬಿಗಿದು ಕಾಡುದಾರಿಗೆ ಹೋದರೆ ಸೈಕಲ್ಲಿನ ಮೇಲೆ ಇಲ್ಲದ ತಪ್ಪು ಹೊರಿಸಿದಂತಾಗುತ್ತದೆ.

ಏರಿನಲ್ಲಿ ಮೋಟಾರನ್ನು ಆಲಿಸುವುದು

ಮೋಟಾರಿನ ಚೀಟಿಯಲ್ಲಿ ಬರೆದ ಅಂಕಿಗಳಿಂದ ತಿಳಿಯುವುದು ಕಡಿಮೆ. ಯುರೋಪಿನ ಕಾನೂನಿನಂತೆ ನಿರಂತರ ಶಕ್ತಿ 250 ವ್ಯಾಟ್ ದಾಟುವಂತಿಲ್ಲ, ಗಂಟೆಗೆ 25 ಕಿ.ಮೀ. ಆದೊಡನೆ ನೆರವು ನಿಲ್ಲಬೇಕು. ಭಾರತದ ಮೋಟಾರು ವಾಹನ ನಿಯಮಗಳಲ್ಲೂ ನೋಂದಣಿ ಬೇಡದ ವಾಹನಕ್ಕೆ ಇವೇ ಗಡಿ. ತಿರುಗುಬಲದಲ್ಲೂ ಬಾಷ್‌ನ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್, ಶಿಮಾನೋದ ಇಪಿ8 ಎರಡೂ 85 ನ್ಯೂಟನ್ ಮೀಟರಿನ ಮೋಟಾರುಗಳಾಗಿಯೇ ಹೆಸರಾದವು. ಅಂಕಿ ಒಂದೇ ಆದರೂ ಸವಾರಿಯ ಅನುಭವ ಬೇರೆಯಾಗುವುದು ಮೋಟಾರಿನೊಳಗಿನ ಸೆನ್ಸರುಗಳ ಜಾಣ್ಮೆಯಿಂದ. ಪೆಡಲಿನ ಮೇಲಿನ ಒತ್ತಡ, ಕಾಲು ತಿರುಗುವ ವೇಗ, ಗಾಲಿಯ ವೇಗ ಮೂರನ್ನೂ ಕ್ಷಣಕ್ಷಣಕ್ಕೂ ಅಳೆದು ಮೋಟಾರು ಎಷ್ಟು ಸೇರಿಸಬೇಕೆಂದು ಲೆಕ್ಕ ಹಾಕುತ್ತದೆ. ಒಳ್ಳೆಯ ಮೋಟಾರು ಬಲ್ಲ ಮೃದಂಗದವರ ಹಾಗೆ: ಹಾಡುವವರ ಮನೋಧರ್ಮ ಹಿಡಿದು ಹಿಂಬಾಲಿಸುತ್ತದೆ, ಅವರನ್ನು ಎಳೆದುಕೊಂಡು ಹೋಗುವುದಿಲ್ಲ.

ಇದನ್ನು ಪರೀಕ್ಷಿಸಲು ಕಡಿದಾದ, ಸಡಿಲ ಜಲ್ಲಿಯ ಏರೊಂದರ ನಡುವೆ ನಿಂತು ಅಲ್ಲಿಂದಲೇ ಹೊರಡಿ. ಮೊದಲ ತುಳಿತಕ್ಕೆ ಹಿಂದಿನ ಗಾಲಿ ಗರ್ರನೆ ತಿರುಗಿ ಜಲ್ಲಿ ಎರಚಿದರೆ ಮೋಟಾರು ಒರಟು. ಕಾಲು ಮೆಲ್ಲಗೆ ಒತ್ತಿದಾಗ ಮೆಲ್ಲಗೆ, ಜೋರಾಗಿ ಒತ್ತಿದಾಗ ಜೋರಾಗಿ ಬಂದರೆ ಅದು ಹದ. ಬಳಿಕ ತುಳಿಯುವುದನ್ನು ಥಟ್ಟನೆ ನಿಲ್ಲಿಸಿ. ಕೆಲವು ಮೋಟಾರುಗಳು ಅರೆಕ್ಷಣ ತಳ್ಳುತ್ತಲೇ ಇರುತ್ತವೆ. ಪೆಡಲು ಬಂಡೆಗೆ ತಾಗೀತೆಂದು ಕಾಲು ನಿಲ್ಲಿಸಿದಾಗ ಈ ಕೊಸರು ಗಾಲಿಯನ್ನು ಮೆಟ್ಟಿಲು ದಾಟಿಸುತ್ತದೆ. ಇಕ್ಕಟ್ಟಾದ ತಿರುವಿನಲ್ಲಿ ಅದೇ ಕೊಸರು ದಾರಿಯಿಂದ ಆಚೆ ನೂಕಬಹುದು. ಇದು ಎಷ್ಟಿದೆ, ನಂಬುವಂತಿದೆಯೇ ಎಂದು ಬಯಲಿನಲ್ಲಿ ಮೊದಲೇ ಅರಿತುಕೊಳ್ಳಿ. 25 ಕಿ.ಮೀ. ಗಡಿಯಲ್ಲೂ ಗಮನವಿರಲಿ: ನೆರವು ಗೋಡೆಗೆ ಹೊಡೆದಂತೆ ನಿಲ್ಲಬಾರದು, ಗೊತ್ತಾಗದಂತೆ ಕರಗಬೇಕು.

ಸವಾರಿಯಲ್ಲಿ ಹೊಸಬರು ಸಾಮಾನ್ಯವಾಗಿ ಭಾರದ ಗೇರು, ಗರಿಷ್ಠ ನೆರವು ಹಾಕಿ ನಿಧಾನ ತುಳಿಯುತ್ತಾರೆ. ಹಗುರ ಗೇರಿನಲ್ಲಿ ನಿಮಿಷಕ್ಕೆ 70ರಿಂದ 90 ಸುತ್ತು ತುಳಿದರೆ ಮೋಟಾರಿಗೂ ಚೈನಿಗೂ ನಿಮ್ಮ ಮಂಡಿಗೂ ಹಿತ. ಸೀಟಿನ ಮುಂತುದಿಗೆ ಸರಿದು, ಮೊಣಕೈ ತಗ್ಗಿಸಿ, ಎದೆಯನ್ನು ಹ್ಯಾಂಡಲ್ಲಿನ ಹತ್ತಿರ ತನ್ನಿ. ಇಷ್ಟಾದರೂ ಮುಂದಿನ ಗಾಲಿ ಏಳುತ್ತಿದ್ದರೆ ಫ್ರೇಮಿನ ಅಳತೆ ನೋಡಿ: ಸೀಟಿನ ಕೊಳವೆ 76ರಿಂದ 78 ಡಿಗ್ರಿಯಷ್ಟು ನೆಟ್ಟಗಿದ್ದು, ಪೆಡಲಿನ ನಡುವಿನಿಂದ ಹಿಂದಿನ ಗಾಲಿಯ ಅಚ್ಚಿನವರೆಗೆ ಸಾಕಷ್ಟು ಉದ್ದವಿದ್ದರೆ ಸೈಕಲ್ಲು ಏರಿಗೆ ಅಂಟಿಕೊಳ್ಳುತ್ತದೆ. ಆದರೆ ಆ ಉದ್ದ ಹೆಚ್ಚಾದಷ್ಟೂ ಸಣ್ಣ ತಿರುವುಗಳಲ್ಲಿ ಚುರುಕು ಕಡಿಮೆ.

ಹಿಂದಿನ ಸಸ್ಪೆನ್ಷನ್ನಿನ ನಿಜವಾದ ಪರೀಕ್ಷೆಯೂ ಏರಿನಲ್ಲೇ. ಮೋಟಾರಿಲ್ಲದ ಸೈಕಲ್ಲಿನಲ್ಲಿ ಪ್ರತಿ ತುಳಿತಕ್ಕೂ ಶಾಕ್ ಕುಗ್ಗಿದರೆ ಶ್ರಮ ಪೋಲಾಯಿತೆಂದು ಬೈಯುತ್ತೇವೆ. ಇಲ್ಲಿ ಅಷ್ಟು ಕಟ್ಟುನಿಟ್ಟು ಬೇಡ. ಗಾಲಿ ಪ್ರತಿ ಕಲ್ಲನ್ನೂ ಬಳಸಿ ನೆಲಕ್ಕೆ ಒತ್ತಿಕೊಂಡಿದ್ದರೆ ಮೋಟಾರಿನ ಬಲ ಮಣ್ಣಿಗೆ ಇಳಿಯುತ್ತದೆ. ಬೇರುಗಳ ಮೇಲೆ ತುಳಿಯುವಾಗ ಗಾಲಿ ಜಿಗಿದು ಜಾರಿದರೆ ಅದು ದೋಷ.

ಇಳಿಜಾರಿನಲ್ಲಿ ತೂಕದ ಗುಣ

ಇಳಿಯುವಾಗ ಮೋಟಾರು ಸುಮ್ಮನಿರುತ್ತದೆ, ಅದರ ತೂಕ ಮಾತ್ರ ಜೊತೆಗಿರುತ್ತದೆ. ಮೋಟಾರು, ಬ್ಯಾಟರಿ ಎರಡೂ ಫ್ರೇಮಿನ ಕೆಳಭಾಗದಲ್ಲಿ ಕೂತಿರುವುದರಿಂದ ವೇಗದ ಒರಟು ದಾರಿಯಲ್ಲಿ ಸೈಕಲ್ಲು ಗಂಭೀರವಾಗಿ ನೆಲ ಹಿಡಿಯುತ್ತದೆ. ಸೀಟು ಇಳಿಸಿ, ಪೆಡಲುಗಳನ್ನು ನೆಲಕ್ಕೆ ಸಮನಾಗಿಟ್ಟು, ಭಾರವನ್ನೆಲ್ಲ ಪಾದಕ್ಕೆ ಕೊಟ್ಟು ಕೈ ಹಗುರ ಮಾಡಿ. ಕಣ್ಣು ಮುಂದಿನ ಗಾಲಿಯ ಮೇಲೆ ಬೇಡ, ಮುಂದಿನ ತಿರುವಿನ ಮೇಲಿರಲಿ. ತಿರುವಿಗೆ ಮೊದಲೇ ಬ್ರೇಕು ಮುಗಿಸಿ.

ಈ ಸ್ಥಿರತೆಯ ಬೆಲೆ ಗೊತ್ತಾಗುವುದು ಎರಡು ಕಡೆ. ಒಂದು, ಮುಂದಿನ ಗಾಲಿ ಎತ್ತಿ ಹಳ್ಳ ಹಾರಿಸುವಾಗ; ಅಲ್ಲಿ ಮೈಯ ಶ್ರಮ ಹೆಚ್ಚು. ಇನ್ನೊಂದು, ಬ್ರೇಕಿನಲ್ಲಿ. ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, 200 ಮಿ.ಮೀ. ಡಿಸ್ಕ್ ಇಲ್ಲದಿದ್ದರೆ ಇಷ್ಟು ತೂಕದ ಸೈಕಲ್ಲನ್ನು ಉದ್ದ ಇಳಿಜಾರಿಗೆ ಒಯ್ಯಬೇಡಿ. ಇಳಿದು ಮುಗಿದಾಗ ಬ್ರೇಕಿನ ಹಿಡಿ ಮೊದಲಿಗಿಂತ ಮೆತ್ತಗಾಗಿದ್ದರೆ ಅದನ್ನು ಲಘುವಾಗಿ ತೆಗೆದುಕೊಳ್ಳಬೇಡಿ.

ಕೆಳಗೆ ಬಂದ ಮೇಲೆ ರಬ್ಬರ್ ಉಂಗುರ ನೋಡಿ. ದಾರಿಯ ಅತಿ ದೊಡ್ಡ ಹೊಡೆತಕ್ಕೆ ಮಾತ್ರ ಅದು ತುದಿ ಮುಟ್ಟಿರಬೇಕು. ಸಣ್ಣ ಹೊಡೆತಕ್ಕೇ ಮುಟ್ಟಿದ್ದರೆ ಗಾಳಿ ಕಡಿಮೆ. ಅರ್ಧವೂ ಸರಿಯದಿದ್ದರೆ ಹೆಚ್ಚು. ಇನ್ನು ಸದ್ದು: ಚೈನು ಫ್ರೇಮಿಗೆ ಬಡಿಯುವ ಸದ್ದನ್ನು ಪಟ್ಟಿ ಅಂಟಿಸಿ ತಗ್ಗಿಸಬಹುದು. ಕೆಲವು ಮೋಟಾರುಗಳ ಒಳಗಿನ ಗೇರು ತುಳಿಯದಿರುವಾಗ ಕಟಕಟ ಎನ್ನುವುದುಂಟು, ಅದು ಹುಟ್ಟುಗುಣ. ಹಿಂದಿನ ಸಸ್ಪೆನ್ಷನ್ನಿನ ಕೀಲು, ಅಂದರೆ ಪಿವಟ್ಟಿನ ಬೇರಿಂಗ್ ಕಿರುಗುಟ್ಟಿದರೆ ಮಾತ್ರ ಬಿಚ್ಚಿ ನೋಡಲೇಬೇಕು.

ಬ್ಯಾಟರಿಯ ಲೆಕ್ಕ

ಎಷ್ಟು ಕಿಲೋಮೀಟರ್ ಬರುತ್ತದೆ ಎಂದು ಕೇಳುವುದಕ್ಕಿಂತ ಎಷ್ಟು ಎತ್ತರ ಹತ್ತಿಸುತ್ತದೆ ಎಂದು ಕೇಳಿ. ಸವಾರ, ಸೈಕಲ್ಲು ಸೇರಿ 100 ಕಿಲೋ ಇದ್ದರೆ 1000 ಮೀಟರ್ ಎತ್ತರಕ್ಕೆ ಎತ್ತಲು ಭೌತಶಾಸ್ತ್ರದ ಪ್ರಕಾರ ಸುಮಾರು 270 ವ್ಯಾಟ್-ಅವರ್ ಬೇಕೇ ಬೇಕು. ಮೋಟಾರಿನ ಶಾಖವೂ ಟೈರಿನ ಘರ್ಷಣೆಯೂ ಇದಕ್ಕೆ ಸೇರುತ್ತವೆ. ನಿಮ್ಮ ಕಾಲು ಕೊಟ್ಟಷ್ಟು ಕಳೆಯುತ್ತದೆ. 600 ಅಥವಾ 700 ವ್ಯಾಟ್-ಅವರ್ ಬ್ಯಾಟರಿ ಇದ್ದರೂ ಸದಾ ಗರಿಷ್ಠ ನೆರವಿನಲ್ಲಿ ಹೋದರೆ ಬೇಗ ಬರಿದಾಗುವುದು ಇದರಿಂದಲೇ. ಸಾಮಾನ್ಯ ಮೌಂಟನ್ ಬೈಕಿನ ಚುರುಕು ಬಿಡಲಾರದವರಿಗೆ 50 ನ್ಯೂಟನ್ ಮೀಟರಿನ ಆಸುಪಾಸಿನ ಹಗುರ ಮೋಟಾರು, ಚಿಕ್ಕ ಬ್ಯಾಟರಿಯ ಸೈಕಲ್ಲುಗಳೂ ಇವೆ. ಬಲ ಕಡಿಮೆ, ಸವಾರಿಯಲ್ಲಿ ನಿಮ್ಮ ಪಾಲು ಹೆಚ್ಚು.

ನಮ್ಮ ನೆಲದಲ್ಲಿ

ಬೆಂಗಳೂರಿನ ಸವಾರರಿಗೆ ತುರಹಳ್ಳಿ, ಅವಲಹಳ್ಳಿಯ ಹೆಸರುಗಳು ಪರಿಚಿತ. ನಗರದ ಸುತ್ತಲಿನ ಗಟ್ಟಿ ನೆಲ, ಅದರ ಮೇಲೆ ಹರಡಿದ ಸಡಿಲ ಜಲ್ಲಿ, ಬೋಳುಬಂಡೆ ಇವೆಲ್ಲ ಮೋಟಾರಿನ ಹದ ಪರೀಕ್ಷಿಸಲು ಹೇಳಿ ಮಾಡಿಸಿದಂತಿವೆ. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಬೇರು, ಪಾಚಿಗಟ್ಟಿದ ಕಲ್ಲು, ಕೆಸರು ಟೈರನ್ನೂ ಬೇರಿಂಗನ್ನೂ ಪರೀಕ್ಷಿಸುತ್ತವೆ. ಕೆಸರು ತೊಳೆಯುವಾಗ ವಾಹನ ತೊಳೆಯುವ ರಭಸದ ನೀರನ್ನು ಪಿವಟ್ಟಿಗೂ ಮೋಟಾರಿಗೂ ಹಾಯಿಸಬೇಡಿ. ನೀರು ಸೀಲು ದಾಟಿ ಒಳಗೆ ಸೇರುತ್ತದೆ. ಅಭಯಾರಣ್ಯಗಳಿಗೆ, ಅರಣ್ಯ ಇಲಾಖೆ ಮುಚ್ಚಿರುವ ಕಾಡಿಗೆ ಅನುಮತಿಯಿಲ್ಲದೆ ಹೋಗಲೇಬೇಡಿ. ಮೋಟಾರಿನಿಂದ ದೂರದ ಗುಡ್ಡವೂ ಕೈಗೆಟುಕುವುದರಿಂದ ನಮ್ಮ ಹೊಣೆ ಇನ್ನಷ್ಟು ಹೆಚ್ಚು.

ಕೊನೆಯ ತೀರ್ಪು

ಸೈಕಲ್ಲು ಕೊಳ್ಳುವ ಮುನ್ನ ಏರೂ ಇಳಿತವೂ ಇರುವ ಒಂದೇ ಚಿಕ್ಕ ಸುತ್ತನ್ನು ಮೂರು ಸಲ ಓಡಿಸಿ: ಒಮ್ಮೆ ಗರಿಷ್ಠ ನೆರವಿನಲ್ಲಿ, ಒಮ್ಮೆ ಕನಿಷ್ಠ ನೆರವಿನಲ್ಲಿ, ಒಮ್ಮೆ ಮೋಟಾರು ಆರಿಸಿ. ಗರಿಷ್ಠ ನೆರವಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಮೋಟಾರು ಆರಿಸಿದಾಗ ಫ್ರೇಮು, ಸಸ್ಪೆನ್ಷನ್ನುಗಳ ಯೋಗ್ಯತೆ ಬಯಲಾಗುತ್ತದೆ. ಕನಿಷ್ಠ ನೆರವಿನಲ್ಲಿ ಮೋಟಾರಿನ ವಿನಯ ತಿಳಿಯುತ್ತದೆ. ಈ ಎರಡರಲ್ಲೂ ಮನಸ್ಸಿಗೆ ಹಿಡಿಸಿದ ಸೈಕಲ್ಲನ್ನೇ ಆರಿಸಿಕೊಳ್ಳಿ. ಬೆಲೆಪಟ್ಟಿ, ಅಂಕಿಅಂಶ, ಬಣ್ಣಗಳನ್ನು ಆಮೇಲೆ ನೋಡಿದರೆ ಸಾಕು.