ಕಾಂಗೋ ಪ್ರವಾಸವೂ ದಾರಿ ತೋರಿದವರೂ

ಬಾಂಗಿ ನಗರದ ವಾಯವ್ಯಕ್ಕೆ ಸುಮಾರು 100 ಕಿಲೋಮೀಟರು ದೂರದಲ್ಲಿ ಮ್ಬಾಲಿ ನದಿಯು ಸುಮಾರು 50 ಮೀಟರು ಕೆಳಕ್ಕೆ ಧುಮುಕುತ್ತದೆ. 1925ರಲ್ಲಿ ಆ ಜಲಪಾತದೆದುರಿಗೆ ನಿಂತ ಫ್ರೆಂಚ್ ಸಾಹಿತಿ ಆಂದ್ರೆ ಜೀದನಿಗೆ ಸ್ವಿಟ್ಸರ್ಲೆಂಡಿನ ದೊಡ್ಡ ಹೋಟೆಲುಗಳು ನೆನಪಾದುವು. ಅಂಥವು ಅಲ್ಲಿ ಇಲ್ಲದಿದ್ದುದು ಅವನಿಗೆ ಹಿತವಾಯಿತು. ಸುಮಾರು ನೂರು ವರ್ಷಗಳು ಕಳೆದ ಮೇಲೂ ಅಲ್ಲಿ ಹೋಟೆಲುಗಳ ಸಾಲು ಎದ್ದಿಲ್ಲ. 1954ರಲ್ಲಿ ವಿದ್ಯುತ್ತಿನ ಕಾರಖಾನೆಯೊಂದು ಬಂದಿತು, ಅಷ್ಟೆ. ಇಂದು ಮಧ್ಯ ಆಫ್ರಿಕಾ ಗಣರಾಜ್ಯವೆನಿಸಿಕೊಂಡಿರುವ ಆ ನಾಡಿಗೆ ನೋಡುವ ಸಲುವಾಗಿಯೇ ಹೋಗುವವರು ಅತಿ ವಿರಳ. ಹೋದವರೂ ದಾರಿ ತೋರುವವನ ಬೆನ್ನ ಹಿಂದೆಯೇ ನಡೆಯಬೇಕು. ಆದುದರಿಂದ ಆ ನಾಡಿನ ವಿಷಯವಾಗಿ ಹೊರಗಿನವರು ಬರೆದ ಗ್ರಂಥವನ್ನು ಕೈಗೆತ್ತಿಕೊಂಡಾಗ, ಲೇಖಕನು ಏನನ್ನು ಕಂಡನೆಂದು ಕೇಳುವುದಕ್ಕಿಂತ ಮೊದಲು ಅವನಿಗೆ ತೋರಿಸಿದವರು ಯಾರೆಂದು ಕೇಳುವುದು ಉಚಿತ.

ಜೀದನ 'ಕಾಂಗೋ ಪ್ರವಾಸ'ವು 1927ರಲ್ಲಿಯೂ ಅದರ ಉತ್ತರಭಾಗವಾದ 'ಚಾಡ್‌ನಿಂದ ಮರಳಿದುದು' 1928ರಲ್ಲಿಯೂ ಪ್ರಕಟವಾದುವು. ಡೊರೋತಿ ಬಸ್ಸಿ ಎಂಬವಳ ಇಂಗ್ಲಿಷ್ ಅನುವಾದವು 1929ರಲ್ಲಿ ಬಂದಿತು. ಗ್ರಂಥದ ಹೆಸರು ಕಾಂಗೋ ಎಂದಿದ್ದರೂ ಅದರ ತಿರುಳು ಇರುವುದು ಕಾಂಗೋ ನದಿಯ ದಂಡೆಯಲ್ಲಲ್ಲ. ಅದರ ಉಪನದಿಯಾದ ಉಬಾಂಗಿಯ ಉತ್ತರಕ್ಕೆ, ಆಗ ಉಬಾಂಗಿ-ಶಾರಿ ಎಂದು ಕರೆಯಲ್ಪಡುತ್ತಿದ್ದ ಫ್ರೆಂಚ್ ವಸಾಹತಿನಲ್ಲಿ. ಕೃತಿಯು ಜೋಸೆಫ್ ಕಾನ್ರಾಡನ ಸ್ಮರಣೆಗೆ ಅರ್ಪಿತವಾಗಿದೆ. ಈ ಅರ್ಪಣೆಯಿಂದ ಓದುಗನು ಕಾನ್ರಾಡನ ಕಥೆಯಲ್ಲಿರುವಂಥ ಕತ್ತಲೆಯನ್ನೂ ಗೂಢವನ್ನೂ ನಿರೀಕ್ಷಿಸಿದರೆ ಮೊದಲ ನೂರು ಪುಟಗಳಲ್ಲಿ ನಿರಾಶನಾಗುವನು.

ಇಪ್ಪತ್ತರ ಪ್ರಾಯದಲ್ಲಿ ಕಂಡ ಕನಸನ್ನು ಐವತ್ತೈದರಲ್ಲಿ ನನಸುಮಾಡಿಕೊಳ್ಳಲು ಹೊರಟವನು ಜೀದ್. ಜೊತೆಗೆ ತರುಣ ಮಿತ್ರ ಮಾರ್ಕ್ ಅಲೆಗ್ರೆ ಮತ್ತು ಅವನ ಚಲನಚಿತ್ರದ ಯಂತ್ರ. ಕೈಯಲ್ಲಿ ವಸಾಹತು ಮಂತ್ರಿಶಾಖೆಯ ನಿಯೋಗಪತ್ರ. ಆ ಪತ್ರದ ಬಲದಿಂದ ಎಲ್ಲೆಡೆಯಲ್ಲಿಯೂ ಸತ್ಕಾರ. ಅಧಿಕಾರಿಗಳು ಎದುರುಗೊಳ್ಳುವರು, ತಂಗಲು ಮನೆ ಸಿದ್ಧವಾಗಿರುವುದು, ಹಳ್ಳಿಯ ಯಜಮಾನರು ಸಾಲಾಗಿ ನಿಂತು ವಂದಿಸುವರು, ಡೋಲು ಬಾರಿಸುವುದೂ ಕುಣಿತವೂ ನಡೆಯುವುವು. ಕಾಲುದಾರಿಯಲ್ಲಿ ಅವನನ್ನು ಮೇನೆಯಲ್ಲಿ ಹೊರಲು ಆಳುಗಳು, ಪೆಟ್ಟಿಗೆಗಳನ್ನು ಹೊರಲು ಬೇರೆ ಆಳುಗಳು. ಮನುಷ್ಯರ ಹೆಗಲ ಮೇಲೆ ಕುಳಿತುಹೋಗುವುದಕ್ಕೆ ನಾಚಿ ಜೀದನು ಎಷ್ಟೋ ಸಾರಿ ಇಳಿದು ನಡೆದನು. ಅದು ಅವನ ಸೌಜನ್ಯವೇ ಸರಿ. ಆದರೆ ಖಾಲಿ ಮೇನೆಯೂ ಜೊತೆಯಲ್ಲಿಯೇ ಬರುತ್ತಿತ್ತೆಂಬುದನ್ನು ಮರೆಯುವಂತಿಲ್ಲ.

ಈ ಭಾಗದ ಬರೆವಣಿಗೆಯಲ್ಲಿ ಚಿಟ್ಟೆಗಳಿವೆ, ಗೆದ್ದಲಿನ ಹುತ್ತಗಳಿವೆ, ಅವನು ಸಾಕಿಕೊಂಡ ದಿಂದಿಕಿ ಎಂಬ ಕಾಡುಪಾಪದಂಥ ಪುಟ್ಟ ಪ್ರಾಣಿಯಿದೆ, ಬೊಸ್ಸುಎಯ ಧರ್ಮೋಪನ್ಯಾಸಗಳ ಮತ್ತು ಲಾ ಫೊಂತೇನನ ಕಥೆಗಳ ಪಾರಾಯಣವಿದೆ. ದಿಂದಿಕಿಯ ವರ್ಣನೆ ಮನೋಹರವಾದುದು. ಮಿಕ್ಕುದು ಸತ್ಕಾರಕ್ಕೆ ಒಳಗಾದ ಅತಿಥಿಯ ಆಲಸ್ಯದಿಂದ ಭಾರವಾಗಿದೆ. ಅಡವಿಯು ಒಂದೇ ತೆರನಾಗಿದೆಯೆಂದು ಅವನು ಮತ್ತೆ ಮತ್ತೆ ಬೇಸರಪಡುವನು. ದಾರಿ ಬಲ್ಲವನೊಬ್ಬನನ್ನು ಗಿಡಗಳ ಹೆಸರು ಕೇಳುತ್ತ ನಡೆದಿದ್ದರೆ ಅದೇ ಅಡವಿಯು ಅವನಿಗೆ ಬೇರೆಯಾಗಿ ಕಾಣುತ್ತಿತ್ತೇನೋ! ದುಭಾಷಿಯೂ ಪರಿಚಾರಕನೂ ಆಗಿದ್ದ ಆದೂಮನಿಗೆ ಜೀದನು ಅಕ್ಷರ ಕಲಿಸಿದನು; ಆತನ ನಿಷ್ಠೆಯನ್ನೂ ಮೃದುಸ್ವಭಾವವನ್ನೂ ಮನಸಾರೆ ಕೊಂಡಾಡಿರುವನು. ಆದರೆ ತಾವು ಸಾಗುತ್ತಿದ್ದ ನಾಡಿನ ವಿಷಯದಲ್ಲಿ ಆದೂಮನ ಅಭಿಪ್ರಾಯವೇನಿತ್ತು? ಓದುಗನಿಗೆ ಅದು ದೊರೆಯುವುದೇ ಇಲ್ಲ. ಶಿಷ್ಯನಾಗಿ ಆದೂಮನು ಗ್ರಂಥದೊಳಕ್ಕೆ ಬಂದನು, ಮಾರ್ಗದರ್ಶಕನಾಗಿ ಬರಲಿಲ್ಲ.

ಗ್ರಂಥದ ಧಾಟಿ ಬದಲಾಗುವುದು ಬೋದಾ ಪ್ರಾಂತದ ರಸ್ತೆಯೊಂದರಲ್ಲಿ. ಜೀದನು ಮೋಟಾರಿನಲ್ಲಿ ಹೋಗುತ್ತಿರುವಾಗ ಹೆಂಗಸರ ಗುಂಪುಗಳು ರಸ್ತೆಯನ್ನು ದುರಸ್ತು ಮಾಡುತ್ತಿರುವುದು ಕಂಡಿತು. ಹಲವರ ಎದೆಯಲ್ಲಿ ಹಾಲು ಕುಡಿಯುವ ಕೂಸುಗಳು. ಮಣ್ಣನ್ನು ಅಗೆಯಲು ತಕ್ಕ ಸಲಕರಣೆಯಿಲ್ಲದೆ ಬರಿಗೈಯಿಂದಲೇ ದುಡಿಯುತ್ತಿದ್ದರು. ರಾತ್ರಿಯಲ್ಲಿ, ಸುರಿವ ಮಳೆಯಲ್ಲಿ ಕೂಡ ಆ ಕೆಲಸ ನಡೆಯುತ್ತಿತ್ತು. ಅಷ್ಟು ಕಷ್ಟದಿಂದ ಕಾಪಾಡಿದ ರಸ್ತೆಯ ಉಪಯೋಗವಾದರೂ ಏನು? ತಿಂಗಳಿಗೊಮ್ಮೆ ಬಾಂಬಿಯೋ ಸಂತೆಗೆ ರಬ್ಬರು ಕೊಳ್ಳಲು ಹೋಗುವ 'ಫೊರೆಸ್ತಿಯೇರ್' ಎಂಬ ಅರಣ್ಯ ಕಂಪೆನಿಯ ಪ್ರತಿನಿಧಿಯ ಮೋಟಾರು ಅದರ ಮೇಲೆ ಓಡಬೇಕು; ಜೊತೆಯಲ್ಲಿ ಬೋದಾದ ಆಡಳಿತಾಧಿಕಾರಿ ಪಾಶಾ. ಇಲ್ಲಿ ಜೀದನ ವಾಕ್ಯಗಳು ಮೊಟಕಾಗುತ್ತವೆ, ಉಪಮೆಗಳು ಉದುರಿಹೋಗುತ್ತವೆ. ಹಿಂದಿನ ಪುಟಗಳಲ್ಲಿ ಓದುಗನು ನುಣ್ಣಗೆ ಸಾಗಿ ಬಂದ ಹಾದಿಗಳೆಲ್ಲ ಯಾರ ಕೈಯಿಂದ ನುಣ್ಣಗಾದುವೆಂಬ ಪ್ರಶ್ನೆಯು ಈ ಒಂದು ನೋಟದಿಂದಲೇ ಏಳುವುದು. ಆ ಪ್ರಶ್ನೆಯನ್ನು ಜೀದನು ಬಾಯಿಬಿಟ್ಟು ಕೇಳದೆ ಬಿಟ್ಟುದು ಕಲೆಯ ದೃಷ್ಟಿಯಿಂದ ಲೇಸೇ ಆಯಿತು.

ಬಳಿಕ 1925ರ ಅಕ್ಟೋಬರ್ ಕಡೆಯ ದಿನಗಳಲ್ಲಿ ಒಂದು ರಾತ್ರಿ ಸಾಂಬಾ ಎನ್ಗೋತೋ ಎಂಬ ಊರ ಯಜಮಾನನು ಜೀದನ ಬಿಡಾರಕ್ಕೆ ಬಂದನು. ಇವನು ಅಧಿಕಾರಿಗಳು ಕಳುಹಿಸಿಕೊಟ್ಟ ಮಾರ್ಗದರ್ಶಕನಲ್ಲ. ಕುಣಿತ ತೋರಿಸಲು ಬಂದವನೂ ಅಲ್ಲ, ಬಹುಮಾನಕ್ಕಾಗಿ ಬಂದವನೂ ಅಲ್ಲ. ಬೊದೆಂಬೇರೆ ಎಂಬ ಹಳ್ಳಿಯಲ್ಲಿ ನಡೆದುದನ್ನು ದುಭಾಷಿಯ ಮೂಲಕ ಹೇಳಿದನು. ತಮ್ಮ ಹೊಲತೋಟಗಳನ್ನು ಬಿಟ್ಟು ಕಾರ್ನೋ ರಸ್ತೆಯ ಪಕ್ಕಕ್ಕೆ ಬಂದು ನೆಲಸಲು ಆ ಹಳ್ಳಿಯವರು ಒಪ್ಪಲಿಲ್ಲ. ಯೆಂಬಾ ಎಂಬ ಸಾರ್ಜೆಂಟನು ಸಿಪಾಯಿಗಳೊಡನೆ ಬಂದು ಗಂಡಸರನ್ನು ಮರಗಳಿಗೆ ಕಟ್ಟಿಸಿ ಗುಂಡಿಕ್ಕಿಸಿದನು, ಹೆಂಗಸರನ್ನು ಕಡಿದುಹಾಕಿದರು, ಎಳೆಯ ಮಕ್ಕಳನ್ನು ಗುಡಿಸಲೊಂದರಲ್ಲಿ ಕೂಡಿ ಬೆಂಕಿಯಿಟ್ಟರು. ಒಟ್ಟು 32 ಮಂದಿ ಸತ್ತರೆಂದು ಸಾಂಬಾ ಎನ್ಗೋತೋ ಲೆಕ್ಕ ಕೊಟ್ಟನು. ಬಾಂಬಿಯೋವಿನ 'ನಾಚು' ಎಂದು ಅಲ್ಲಿನವರು ಕರೆಯುತ್ತಿದ್ದ ಶಿಕ್ಷೆಯೂ ಜೀದನ ಕಿವಿಗೆ ಬಿದ್ದಿತು: ಹಿಂದಿನ ತಿಂಗಳು ರಬ್ಬರು ತಾರದಿದ್ದವರ ಮೇಲೆ ಭಾರವಾದ ಮರದ ತೊಲೆಗಳನ್ನು ಹೊರಿಸಿ, ಸುಡುಬಿಸಿಲಿನಲ್ಲಿ ಕಂಪೆನಿಯ ಮಳಿಗೆಯ ಸುತ್ತಲೂ ತಿರುಗಿಸಿ, ಬಿದ್ದವರನ್ನು ಚಾವಟಿಯಿಂದ ಎಬ್ಬಿಸಿದರು. ಒಬ್ಬನು ಬಿದ್ದಲ್ಲಿಯೇ ಪ್ರಾಣಬಿಟ್ಟನು.

ಆ ರಾತ್ರಿಯಿಂದ ಈ ಗ್ರಂಥಕ್ಕೆ ಇಬ್ಬರು ಕರ್ತರಾದರೆಂದರೆ ತಪ್ಪಾಗದು. ಜೀದನಿಗೆ ನಿದ್ರೆ ಬಾರದಂತೆ ಮಾಡಿದ ಆ ಮಾತುಗಳು ಅವನ ಪ್ರವಾಸದ ಉದ್ದೇಶವನ್ನೇ ಬದಲಿಸಿದುವು. ಅವನು ವಸಾಹತಿನ ಗವರ್ನರನಿಗೆ ದೀರ್ಘವಾದ ಪತ್ರ ಬರೆದನು. ಆದರೆ ದಾರಿ ತೋರಿದುದಕ್ಕೆ ಬೆಲೆ ತೆತ್ತವನು ಸಾಂಬಾ ಎನ್ಗೋತೋ. ಪರದೇಶದ ದೊಡ್ಡ ಮನುಷ್ಯನೊಡನೆ ಮಾತನಾಡಿದ ಅಪರಾಧಕ್ಕಾಗಿ ಅವನನ್ನು ಸೆರೆಗೆ ಹಾಕಿದರು. ಜೀದನು ಇದನ್ನು ಮುಚ್ಚಿಡದೆ ಬರೆದಿರುವುದು ಶ್ಲಾಘ್ಯವಾದರೂ, ಬರೆದ ರೀತಿ ತೃಪ್ತಿಕರವಲ್ಲ. ಚಿಟ್ಟೆಯೊಂದಕ್ಕೆ ಮೀಸಲಾದಷ್ಟು ಕುತೂಹಲವೂ ಆ ಮನುಷ್ಯನ ಮುಖಕ್ಕೆ, ದನಿಗೆ, ಸಂಸಾರಕ್ಕೆ ದೊರೆಯಲಿಲ್ಲ. ಅವನು ಸಾಕ್ಷಿಯಾಗಿ ನಿಂತನು. ಸಾಕ್ಷಿ ಹೇಳಿ ಮುಗಿದ ಮೇಲೆ ದಿನಚರಿಯು ಮುಂದಿನ ಊರಿಗೆ ಹೊರಟುಹೋಯಿತು.

ಇದಕ್ಕೆ ಹೊಂದಿದ ಮತ್ತೊಂದು ದೋಷವು ಗ್ರಂಥದ ರಚನೆಯಲ್ಲಿಯೇ ಇದೆ. ಹೊರೆಯಾಳುಗಳ ದುಡಿಮೆ, ರಬ್ಬರಿಗೆ ಕಂಪೆನಿಯು ಕೊಡುತ್ತಿದ್ದ ಬೆಲೆ, ಸಮುದ್ರದವರೆಗೆ ಹಾಕುತ್ತಿದ್ದ ರೈಲುದಾರಿಗಾಗಿ ಬಲಾತ್ಕಾರದಿಂದ ಒಯ್ದ ಜನರ ಸಾವು, ಇಂಥ ಗುರುತರ ಸಂಗತಿಗಳಲ್ಲಿ ಬಹುಭಾಗವು ಅಡಿಟಿಪ್ಪಣಿಗಳಲ್ಲಿಯೂ ಅನುಬಂಧದಲ್ಲಿಯೂ ಅಡಗಿವೆ. ಮೇಲೆ ಸಂಧ್ಯೆಯ ಬಣ್ಣ, ಕೆಳಗೆ ಸಣ್ಣ ಅಕ್ಷರಗಳಲ್ಲಿ ಹೆಣಗಳ ಲೆಕ್ಕ! ದಿನಚರಿಯ ಸಹಜತೆಯನ್ನು ಕೆಡಿಸಬಾರದೆಂದು ಜೀದನು ಹೀಗೆ ಮಾಡಿರಬಹುದು. ಅದರಿಂದ ಒಂದು ಉಪಕಾರವೂ ಆಯಿತೆನ್ನಬೇಕು: ಓದುಗನ ಕಣ್ಣು ಪುಟದ ಮೇಲಿಂದ ಕೆಳಕ್ಕೆ ಇಳಿದಾಗಲೆಲ್ಲ ತೋರಿಕೆಯ ನಾಡಿನಿಂದ ನಿಜವಾದ ನಾಡಿಗೆ ಇಳಿದಂತಾಗುವುದು.

ಜೀದನು ವಸಾಹತಿನ ಆಳಿಕೆಯನ್ನೇ ಖಂಡಿಸಿದನೆಂದು ಭಾವಿಸಬಾರದು. ಅವನ ಕೋಪವೆಲ್ಲ ಗುತ್ತಿಗೆ ಹಿಡಿದ ಕಂಪೆನಿಗಳ ಮೇಲೆ, ಅವುಗಳಿಗೆ ಮಣಿದ ಅಧಿಕಾರಿಗಳ ಮೇಲೆ. ಒಳ್ಳೆಯ ಅಧಿಕಾರಿಯೊಬ್ಬನು ಸಿಕ್ಕಿದೊಡನೆ ಅವನ ಮನಸ್ಸು ಸಮಾಧಾನಗೊಳ್ಳುವುದು. ಆದರೂ ಗ್ರಂಥದ ಪರಿಣಾಮವು ಗ್ರಂಥಕರ್ತನ ಸಂಕೋಚವನ್ನು ಮೀರಿ ಹೋಯಿತು. 1927ರಲ್ಲಿ ಪ್ಯಾರಿಸಿನ ಶಾಸನಸಭೆಯಲ್ಲಿ ಇದರ ಚರ್ಚೆ ನಡೆದು, ದೊಡ್ಡ ಗುತ್ತಿಗೆಗಳನ್ನು ಮುಂದುವರಿಸುವುದಿಲ್ಲವೆಂಬ ಮಾತನ್ನು ಮಂತ್ರಿಯ ಬಾಯಿಂದ ಹೊರಡಿಸಿತು. ನಾಡಿನ ಜನರಾದರೋ ಅಷ್ಟಕ್ಕೆ ಕಾದು ಕುಳಿತಿರಲಿಲ್ಲ. 1928ರಲ್ಲಿ ಗ್ಬಾಯಾ ಜನರು ಕಾರ್ನು ಎಂಬವನನ್ನು ಅನುಸರಿಸಿ ದಂಗೆಯೆದ್ದರು, ಅದು ಅಡಗಲು 1931ರವರೆಗೆ ಹಿಡಿಯಿತು. ಬಿಟ್ಟಿಯ ದುಡಿಮೆಯು ಫ್ರೆಂಚ್ ವಸಾಹತುಗಳಲ್ಲಿ ಕಾನೂನಿನಿಂದ ನಿಂತುದು 1946ರಲ್ಲಿ.

ಇದೇ ನಾಡಿನ ಮೇಲೆ ಜೀದನಿಗಿಂತ ಮೊದಲೇ ಬಂದ ಇನ್ನೊಂದು ಕೃತಿ ರೆನೆ ಮಾರಾನನ 'ಬಾತುವಾಲಾ'. 1921ರಲ್ಲಿ ಗೊಂಕೂರ್ ಬಹುಮಾನವನ್ನು ಪಡೆದ ಈ ಕಾದಂಬರಿಯ ಕರ್ತನು ಗಯಾನಾ ಮೂಲದ ಕಪ್ಪು ಜನಾಂಗದವನು, ಆದರೆ ಉಬಾಂಗಿ-ಶಾರಿಯಲ್ಲಿ ಫ್ರೆಂಚ್ ಸರಕಾರದ ಅಧಿಕಾರಿ. ಅವನಿಗೆ ಮೇನೆಯ ಮೇಲಿಂದ ನೋಡುವ ಅಗತ್ಯವಿರಲಿಲ್ಲ; ವರ್ಷಗಟ್ಟಲೆ ಅಲ್ಲಿದ್ದು ಬಂದಾ ಜನರ ಬದುಕನ್ನು ಬಲ್ಲವನು. ಮುಂಜಾನೆ ಬಾತುವಾಲಾ ಎಚ್ಚತ್ತು, ಮೈ ತುರಿಸಿಕೊಂಡು, ಏಳಲೋ ಬೇಡವೋ ಎಂದು ಆಲೋಚಿಸುವ ಮೊದಲ ಅಧ್ಯಾಯವೊಂದೇ ಸಾಕು: ಇಲ್ಲಿ ಯಾರೂ ಯಾರಿಗೂ ಏನನ್ನೂ ತೋರಿಸುತ್ತಿಲ್ಲ, ಬಾಳುತ್ತಿದ್ದಾರೆ. ಕಥೆಯ ಕಟ್ಟು ಜೀದನ ದಿನಚರಿಗಿಂತ ಬಿಗಿಯಾದುದು, ಭಾಷೆ ಕೆಲವೆಡೆ ಅತಿಶಯದ್ದು. ಮುನ್ನುಡಿಯಲ್ಲಿ ಮಾರಾನನು ವಸಾಹತು ನೀತಿಯನ್ನು ಎತ್ತಿ ಆಡಿದುದರಿಂದ ಅವನ ಉದ್ಯೋಗಕ್ಕೇ ಸಂಚಕಾರ ಬಂದಿತು. ಪುಸ್ತಕವು ವಸಾಹತುಗಳಲ್ಲಿ ನಿಷಿದ್ಧವಾಯಿತು. ಪ್ರಖ್ಯಾತ ಅತಿಥಿಯಾದ ಜೀದನಿಗೆ ಅಂಥ ನಷ್ಟವೇನೂ ಆಗಲಿಲ್ಲ. 1947ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು.

ಜೀದನು ಹಾದುಹೋದ ಲೊಬಾಯೆ ಸೀಮೆಯ ಬೊಬಾಂಗಿಯಲ್ಲಿ 1910ರಲ್ಲಿ ಬಾರ್ತೆಲೆಮಿ ಬೊಗಾಂಡಾ ಜನಿಸಿದನು. ಅವನ ತಾಯಿಯು ಸಾಕಷ್ಟು ರಬ್ಬರು ತರಲಿಲ್ಲವೆಂದು ಕಂಪೆನಿಯ ಕಾವಲುಗಾರರ ಹೊಡೆತದಿಂದ ಸತ್ತಳೆಂದು ಆ ನಾಡಿನಲ್ಲಿ ಹೇಳುತ್ತಾರೆ. ಪಾದ್ರಿಗಳ ಬಳಿ ಬೆಳೆದ ಆ ಬಾಲಕನು 1938ರಲ್ಲಿ ತಾನೇ ಪಾದ್ರಿಯಾದನು, 1946ರಲ್ಲಿ ಪ್ಯಾರಿಸಿನ ಶಾಸನಸಭೆಗೆ ಹೋದನು, ನಾಡಿಗೆ ಅದರ ಇಂದಿನ ಹೆಸರನ್ನು ಕೊಟ್ಟನು. 1959ರ ಮಾರ್ಚಿಯಲ್ಲಿ ಬೋದಾ ಪ್ರಾಂತದ ಮೇಲೆಯೇ ಅವನ ವಿಮಾನವು ಬಿದ್ದುಹೋಯಿತು. 1960ರ ಆಗಸ್ಟ್ 13ರ ಸ್ವಾತಂತ್ರ್ಯವನ್ನು ಅವನು ಕಾಣಲಿಲ್ಲ. ಜೀದನ ಮೋಟಾರು ಸಾಗಿದ ಸೀಮೆಯಲ್ಲಿ ಇಂಥ ಹುಡುಗರೂ ಬೆಳೆಯುತ್ತಿದ್ದರೆಂಬ ಊಹೆಗೆ 'ಕಾಂಗೋ ಪ್ರವಾಸ'ದಲ್ಲಿ ಅವಕಾಶವೇ ಇಲ್ಲ. ಅದರ ಜನರು ಕರುಣೆಗೆ ಪಾತ್ರರು; ತಮ್ಮ ನಾಡನ್ನು ತಾವೇ ನಡೆಸಬಲ್ಲವರಲ್ಲ.

ಇಂದು ಆ ನಾಡಿಗೆ ಹೋಗುವ ಕೆಲವೇ ಪ್ರವಾಸಿಗಳು ಹೆಚ್ಚಾಗಿ ಹೋಗುವುದು ನೈಋತ್ಯದ ಜಾಂಗಾ-ಸಾಂಘಾ ಅರಣ್ಯಕ್ಕೆ. 2012ರಲ್ಲಿ ಅದು ವಿಶ್ವಪರಂಪರೆಯ ತಾಣಗಳಲ್ಲಿ ಸೇರಿತು. ಬಯಾಂಗಾ ಎಂಬ ಊರಿನಿಂದ ಹೊರಟರೆ, ಜಾಂಗಾ ಬಾಯಿ ಎಂಬ ಬಯಲಿಗೆ ಕಾಡಾನೆಗಳು ಉಪ್ಪಿನ ಮಣ್ಣಿಗಾಗಿ ಗುಂಪುಗುಂಪಾಗಿ ಬರುವುದನ್ನು ಕಾಣಬಹುದು. ಅಂತಃಕಲಹದ ನಡುವೆ 2013ರ ಮೇ ತಿಂಗಳಲ್ಲಿ ಬೇಟೆಗಾರರು ಅಲ್ಲಿ 26 ಆನೆಗಳನ್ನು ಕೊಂದರು. ಗೊರಿಲ್ಲಾಗಳ ಬಳಿಗೆ ಕರೆದೊಯ್ಯುವವರು ಬಯಾಕಾ ಜನರು: ಮುರಿದ ಕಡ್ಡಿ, ಜಗಿದ ಎಲೆ, ಒದ್ದೆ ಮಣ್ಣಿನಲ್ಲಿಯ ಗುರುತು ಇವುಗಳನ್ನು ಓದುತ್ತ ಅವರು ಮುಂದೆ, ಪ್ರವಾಸಿಯು ಹಿಂದೆ. ಆ ಪ್ರಾಣಿಗಳು ಮನುಷ್ಯರ ಸಾಮೀಪ್ಯವನ್ನು ಸಹಿಸುವಂತಾಗಲು ಅವರೇ ವರ್ಷಗಟ್ಟಲೆ ದಿನವೂ ಕಾಡಿಗೆ ಹೋಗಿ ಬಂದರು. ಆದರೂ ಪ್ರವಾಸಿಗಳು ಬರೆಯುವ ವೃತ್ತಾಂತಗಳಲ್ಲಿ ಗೊರಿಲ್ಲಾಕ್ಕೆ ಹೆಸರಿರುತ್ತದೆ, ಮುಂದೆ ನಡೆದವನಿಗೆ ಎಷ್ಟೋ ವೇಳೆ ಇರುವುದಿಲ್ಲ.

ಇದಕ್ಕೆ ಅಪವಾದವಾಗಿ ಲೂಯಿ ಸಾರ್ನೋ ಎಂಬ ಅಮೆರಿಕನ್ನನ 'ಅಡವಿಯ ಹಾಡು' ಎಂಬರ್ಥದ ಹೆಸರಿನ ಗ್ರಂಥವನ್ನು ಹೇಳಬೇಕು. ಅದು ಪ್ರಕಟವಾದುದು 1993ರಲ್ಲಿ. ರೇಡಿಯೋದಲ್ಲಿ ಕೇಳಿದ ಹಾಡಿನ ಬೆನ್ನು ಹತ್ತಿ 1980ರ ದಶಕದಲ್ಲಿ ಹೊರಟ ಈತನು ಬಯಾಕಾ ಜನರ ನಡುವೆಯೇ ನೆಲಸಿದನು, 2017ರಲ್ಲಿ ತೀರಿಕೊಂಡನು; ಅವನು ಮುದ್ರಿಸಿಕೊಂಡ ಹಾಡುಗಳು ಆಕ್ಸ್‌ಫರ್ಡಿನ ವಸ್ತುಸಂಗ್ರಹಾಲಯವೊಂದರಲ್ಲಿವೆ. ಸಾರ್ನೋವಿಗೆ ಜೀದನ ಶೈಲಿಯಿಲ್ಲ; ವಿವೇಚನೆಯನ್ನು ಮರೆಸುವಷ್ಟು ಮೋಹವೂ ಅವನಲ್ಲಿದೆ. ಆದರೆ ಅವನ ಪುಟಗಳಲ್ಲಿ ದಾರಿ ತೋರುವವರು ಹೆಸರುಳ್ಳವರು. ಅವನನ್ನು ಹಾಸ್ಯಮಾಡುತ್ತಾರೆ, ತಂಬಾಕು ಕೇಳುತ್ತಾರೆ, ಮನಸ್ಸಿಲ್ಲದ ದಿನ ಕಾಡಿಗೆ ಹೊರಡುವುದೇ ಇಲ್ಲ.