ಹೊತ್ತವರ ಹೆಸರು

ಯುದ್ಧದ ಸಾಹಿತ್ಯವೆಂದರೆ ಕಾದಿದವನ ಸಾಹಿತ್ಯವೆಂದು ನಾವು ಬಹುಕಾಲದಿಂದ ತಿಳಿದುಕೊಂಡು ಬಂದಿದ್ದೇವೆ. ಪಂಪನಿಂದ ಮೊದಲುಗೊಂಡು ನಮ್ಮ ಕವಿಗಳು ವೀರರಸವನ್ನು ಹೊಳೆಯಾಗಿ ಹರಿಸಿದ್ದಾರೆ. ಅದನ್ನು ಓದುವಾಗ ನಮ್ಮ ಕಣ್ಣು ಬಿಲ್ಲಿನ ಮೇಲೆ, ರಥದ ಮೇಲೆ, ಆನೆಯ ಮೇಲೆ ನಿಲ್ಲುತ್ತದೆ. ಆನೆಗೆ ಮೇವು ತಂದವನು ಯಾರು, ಪಾಳೆಯಕ್ಕೆ ಅಕ್ಕಿ ಹೊತ್ತವನು ಯಾರು ಎಂದು ಕೇಳುವ ರೂಢಿ ನಮಗಿಲ್ಲ. ಇಪ್ಪತ್ತನೆಯ ಶತಮಾನದ ಮಹಾಯುದ್ಧಗಳಲ್ಲಿ ಈ ಹೊರುವ ಕೆಲಸ ಬಹುಪಾಲು ಸರಕು ಹಡಗುಗಳ ಪಾಲಿಗೆ ಬಂದಿತು. ಸೈನ್ಯದ ಪಟ್ಟಿಯಲ್ಲಿ ಹೆಸರಿಲ್ಲದೆ ಟಾರ್ಪೆಡೋಗೆ ಎದೆಯೊಡ್ಡಿ ಹೋದ ಆ ನಾವಿಕರನ್ನು ಸಾಹಿತ್ಯ ಹೇಗೆ ಕಂಡಿದೆ, ಸ್ಮಾರಕಗಳು ಹೇಗೆ ಕಂಡಿವೆ ಎಂಬುದು ವಿಮರ್ಶೆಯೂ ಕೇಳಬೇಕಾದ ಪ್ರಶ್ನೆಯೆಂದು ನನ್ನ ಭಾವನೆ.

ಬೂದಿಕೋಟೆಯಲ್ಲಿ ಕುಳಿತವನಿಗೆ ಕಡಲಿನ ಉಸಾಬರಿ ಏಕೆಂದು ವಾಚಕರು ಕೇಳಬಹುದು. ನಮ್ಮದು ಕೆರೆ ನೀರಿನ ಸೀಮೆ, ನಿಜ. ಆದರೆ ಈ ಊರಿನಲ್ಲೇ ಹುಟ್ಟಿದನೆಂದು ಹೇಳುವ ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದು ಕರಾವಳಿಗೆ ಇಳಿದೊಡನೆ ಹಡಗುಗಳ ಪಡೆ ಕಟ್ಟಲು ಹೊರಟನು. ಕಡಲನ್ನು ಮರೆತವನ ರಾಜ್ಯ ಉಳಿಯದೆಂದು ಒಳನಾಡಿನವನಾದ ಅವನಿಗೆ ತಿಳಿದಿತ್ತು. ಅಷ್ಟು ನೆಂಟಸ್ತಿಕೆ ನನಗೂ ಸಾಕು.

ನಾನು ಎತ್ತಿಕೊಂಡಿರುವ ಉದಾಹರಣೆಗೆ ಕನ್ನಡ ನೆಲದ ಹೆಸರೇ ಇದೆ. ಶರಾವತಿಯ ದಡದ ಗೇರುಸೊಪ್ಪೆ ಒಂದು ಕಾಲಕ್ಕೆ ಮೆಣಸಿನ ವ್ಯಾಪಾರದ ಸಿರಿವಂತ ಪಟ್ಟಣ. ಅದರ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆದರು. ಆ ಊರಿನ ಹೆಸರನ್ನು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ತನ್ನ ಒಂದು ಸರಕು ಹಡಗಿಗೆ ಇಟ್ಟಿತ್ತು. 1919ರಲ್ಲಿ ಕಟ್ಟಿದ 'ಗೇರುಸೊಪ್ಪ' 1940ರ ಡಿಸೆಂಬರಿನಲ್ಲಿ ಕಲ್ಕತ್ತೆಯಿಂದ ಬೆಳ್ಳಿ, ಬೀಡು ಕಬ್ಬಿಣ, ಚಹಾ ಮತ್ತು ಅಂಚೆಯ ಚೀಲಗಳನ್ನು ಹೊತ್ತು ಹೊರಟಿತು. ಆಫ್ರಿಕದ ಫ್ರೀಟೌನಿನಿಂದ ಬೆಂಗಾವಲಿನ ಗುಂಪಿನಲ್ಲಿ ಸಾಗಿತು. ಬಿರುಗಾಳಿಯಲ್ಲಿ ಕಲ್ಲಿದ್ದಲು ಸಾಲದಾಗಿ ಗುಂಪನ್ನು ಬಿಟ್ಟು ಒಂಟಿಯಾಗಿ ಐರ್ಲೆಂಡಿನ ಕಡೆಗೆ ತಿರುಗಿತು. 1941ರ ಫೆಬ್ರವರಿ 16ರಂದು ಜರ್ಮನ್ ಸಬ್‌ಮೆರೀನೊಂದು ಅದನ್ನು ಮುಳುಗಿಸಿತು. ಹಡಗಿನಲ್ಲಿದ್ದವರು 86 ಜನ, ಹೆಚ್ಚಿನವರು ಭಾರತದ ಖಲಾಸಿಗಳು. ಮೂವತ್ತಕ್ಕೂ ಹೆಚ್ಚು ಜನ ಹತ್ತಿದ ಒಂದು ದೋಣಿ ಹದಿಮೂರು ದಿನ ತೇಲಿ ಇಂಗ್ಲೆಂಡಿನ ಕಾರ್ನ್‌ವಾಲ್ ದಡವನ್ನು ಕಂಡಿತು. ಆ ಹೊತ್ತಿಗೆ ಬದುಕಿದ್ದವರು ಬೆರಳೆಣಿಕೆಯಷ್ಟು. ದಡದ ತೆರೆಗಳಲ್ಲಿ ದೋಣಿ ಮಗುಚಿತು. ಜೀವಸಹಿತ ಉಳಿದವನು ಎರಡನೆಯ ಅಧಿಕಾರಿ ರಿಚರ್ಡ್ ಏಯರ್ಸ್ ಒಬ್ಬನೇ. ಅವನಿಗೆ ಸರ್ಕಾರದ ಗೌರವ ಸಂದಿತು, ಸಲ್ಲತಕ್ಕದ್ದೇ.

ಮುಂದಿನದು ನಮ್ಮ ಕಾಲದ ಕಥೆ. 2011ರಲ್ಲಿ ಒಂದು ಅಮೆರಿಕನ್ ಕಂಪನಿ ಸುಮಾರು 4,700 ಮೀಟರ್ ಆಳದಲ್ಲಿ ಹಡಗನ್ನು ಕಂಡುಹಿಡಿದು, ಮುಂದಿನ ಎರಡು ವರ್ಷಗಳಲ್ಲಿ 2,700ಕ್ಕೂ ಹೆಚ್ಚು ಬೆಳ್ಳಿ ಗಟ್ಟಿಗಳನ್ನು ಮೇಲಕ್ಕೆ ತಂದಿತು. ಚಾಂಪಿಯನ್ ರೀಫ್ ಗಣಿಯ ಮೂರು ಕಿಲೋಮೀಟರಿನ ಆಳವನ್ನೇ ಲೋಕದ ಸೋಜಿಗವೆಂದು ಹೇಳಿಕೊಂಡು ಬೆಳೆದ ನಮ್ಮ ಸೀಮೆಯವರಿಗೆ ಈ ಆಳದ ಅರ್ಥ ಬೇಗ ಆಗುತ್ತದೆ. ಇನ್ನೊಂದು ಅರ್ಥವೂ ಆಗುತ್ತದೆ. ಗಣಿಯಿಂದ ಎತ್ತಿದ ಚಿನ್ನದ ತೂಕವನ್ನು ಬಾಯಲ್ಲಿ ಹೇಳುವವರು ಇಲ್ಲಿ ಬೇಕಾದಷ್ಟು ಸಿಕ್ಕುತ್ತಾರೆ. ಇಳಿದು ಮರಳಿ ಬಾರದವರ ಹೆಸರು ಹೇಳುವವರು ಅವರ ಮನೆಮಂದಿ ಮಾತ್ರ. 'ಗೇರುಸೊಪ್ಪ'ದ ಬೆಳ್ಳಿಯಿಂದ 2014ರಲ್ಲಿ ಬ್ರಿಟನ್ನಿನ ಟಂಕಸಾಲೆ ನಾಣ್ಯಗಳನ್ನು ಹೊಡೆಸಿ, ಅಂಚಿನಲ್ಲಿ ಹಡಗಿನ ಹೆಸರನ್ನು ಅಚ್ಚೊತ್ತಿತು. ಹೀಗೆ ಹಡಗಿಗೆ ಹೆಸರು ಬಂತು, ಜನಕ್ಕೆ ಬರಲಿಲ್ಲ.

ಬೆಳ್ಳಿಯ ಜತೆಗೆ ಕಾಗದಗಳೂ ಬಂದವು. ಬೆಳಕು ಗಾಳಿ ಸೋಕದೆ ಎಪ್ಪತ್ತು ವರ್ಷ ಕಡಲಿನ ತಳದಲ್ಲಿ ಉಳಿದಿದ್ದ 700ಕ್ಕೂ ಹೆಚ್ಚು ಪತ್ರಗಳನ್ನು ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯ ಶುಚಿಗೊಳಿಸಿ, 2018ರಲ್ಲಿ ಪ್ರದರ್ಶನಕ್ಕೆ ಇಟ್ಟಿತು. ಆ ಪ್ರದರ್ಶನಕ್ಕೆ ಕೊಟ್ಟ ಹೆಸರು ಕನ್ನಡದಲ್ಲಿ 'ಆಳದಿಂದ ಬಂದ ದನಿಗಳು' ಎಂದಾಗುತ್ತದೆ. ಇಲ್ಲಿ ನನ್ನ ತಕರಾರು. ಆ ದನಿಗಳು ಭಾರತದ ದಂಡಿನ ಠಾಣ್ಯಗಳಿಂದ, ತೋಟಗಳಿಂದ, ಬಂಗಲೆಗಳಿಂದ ಹೊರಟವು. ಬರೆಯಬಲ್ಲವರ, ಅಂಚೆಗೆ ಹಾಕಬಲ್ಲವರ ದನಿಗಳು. ನಿಜವಾಗಿ ಆಳಕ್ಕೆ ಹೋದವರು ಅವನ್ನು ಹೊತ್ತವರು. ಪ್ರದರ್ಶನದವರನ್ನು ನಾನು ದೂರುವುದಿಲ್ಲ. ಕಾಗದ ಬರೆಯದವನ ದನಿಯನ್ನು ಅವರು ಎಲ್ಲಿಂದ ತರಬೇಕು? ಆದರೆ ಇಂಥ ಪತ್ರಗಳನ್ನು ಸಾಹಿತ್ಯವೆಂದು ಓದಲು ಕುಳಿತವನು, ಪ್ರತಿಯೊಂದು ಹಾಳೆಯ ಹಿಂದೆ ಕುಲುಮೆಗೆ ಕಲ್ಲಿದ್ದಲು ಎಸೆಯುತ್ತಿದ್ದ ಒಂದು ಕೈ ಇದೆಯೆಂಬುದನ್ನು ಮರೆತರೆ, ಓದು ಅರ್ಧವಾಗಿಯೇ ಉಳಿಯುತ್ತದೆ.

ನಮ್ಮ ಕಡಲಿನ ಸಾಹಿತ್ಯವೂ ಇದೇ ತೆರನಾದದ್ದು. ವಿನಾಯಕ ಗೋಕಾಕರ 'ಸಮುದ್ರ ಗೀತೆಗಳು' ಇಂಗ್ಲೆಂಡಿನ ಪ್ರಯಾಣದ ಫಲ. ಅಲೆಗಳ ಏರಿಳಿತಕ್ಕೆ ತಕ್ಕಂತೆ ಸಾಲನ್ನು ಸಡಿಲಿಸಿ ಕನ್ನಡ ಛಂದಸ್ಸಿಗೆ ಹೊಸ ದಾರಿ ತೋರಿದ ಕೃತಿ ಅದು. ಅಲ್ಲಿ ಕಡಲೇ ನಾಯಕ, ಕವಿ ಪ್ರಯಾಣಿಕ. ಬಿ.ಎಂ.ಶ್ರೀ. ಅವರು 'ಕರುಣಾಳು ಬಾ ಬೆಳಕೆ'ಯಾಗಿ ಕನ್ನಡಿಸಿದ ನ್ಯೂಮನ್ನನ ಪ್ರಾರ್ಥನೆಯನ್ನು ನೋಡಿ. 1833ರಲ್ಲಿ ಪಲೆರ್ಮೊದಿಂದ ಕಿತ್ತಳೆ ಹಣ್ಣು ಹೊತ್ತು ಹೊರಟ ಹಡಗು ಗಾಳಿಯಿಲ್ಲದೆ ನಿಂತಿದ್ದಾಗ ಬರೆದದ್ದು ಅದು. ನಮ್ಮ ಶಾಲೆಗಳ ಮಕ್ಕಳು ಹಾಡಿಕೊಂಡು ಬಂದ ಆ ಹಾಡು ಒಂದು ಸರಕು ಹಡಗಿನ ಅಟ್ಟದ ಮೇಲೆ ಹುಟ್ಟಿತು; ದಡ ಸೇರಿಸಿದ ನಾವಿಕರ ವಿಷಯ ಯಾವ ಪಾಠದಲ್ಲೂ ನಾನು ಕಂಡಿಲ್ಲ. ಕವಿಗಳಿಂದ ನಾವಿಕರ ಜಾತಕವನ್ನು ನಾನು ಕೇಳುತ್ತಿಲ್ಲ. ಪ್ರಯಾಣಿಕನ ಕಡಲು ಬೇರೆ, ದುಡಿಯುವವನ ಕಡಲು ಬೇರೆ. ಮೊದಲನೆಯದು ಮಾತ್ರ ನಮಗೆ ದಕ್ಕಿದೆ ಎಂದಷ್ಟೇ ಹೇಳುತ್ತೇನೆ. ಎರಡನೆಯದನ್ನು ಬರೆಯುವ ಬಗೆ ಕನ್ನಡಕ್ಕೆ ಹೊಸತಲ್ಲ. ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಕಡಲಿನ ಅಂಚಿನ ಮನೆಯ ಹೆಂಗಸರು ಮೈಮುರಿದು ದುಡಿಯುವುದನ್ನು ಓದಿದವರಿಗೆ, ಹೆಸರಿಲ್ಲದ ದುಡಿಮೆಯೂ ಕಾದಂಬರಿಯ ಬೆನ್ನೆಲುಬಾಗಬಲ್ಲದೆಂದು ಗೊತ್ತು. ಅಮಿತಾವ್ ಘೋಷ್ 2008ರ 'ಸೀ ಆಫ್ ಪಾಪೀಸ್' ಕಾದಂಬರಿಯಲ್ಲಿ ಖಲಾಸಿಗಳ ಮಿಶ್ರ ಭಾಷೆಯನ್ನೇ ಕಟ್ಟಿಕೊಟ್ಟರು. ಕನ್ನಡದ ಕಾದಂಬರಿಕಾರರಿಗೆ ಮಂಗಳೂರು, ಹೊನ್ನಾವರ, ಕಾರವಾರಗಳು ಇನ್ನೂ ಹತ್ತಿರ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಮೊದಲನೆಯದು: ಇವರು ಸೈನಿಕರಲ್ಲ, ಸಂಬಳಕ್ಕೆ ಹೋದವರು. ಸೈನಿಕನೇನು ಸಂಬಳವಿಲ್ಲದೆ ಹೋದನೇ? ಖಲಾಸಿಯ ಸಂಬಳವಾದರೋ ಅದೇ ಹಡಗಿನ ಬಿಳಿಯ ನಾವಿಕನ ಸಂಬಳದ ಒಂದು ಸಣ್ಣ ಪಾಲು. 1939ರಲ್ಲಿ ಯುದ್ಧ ಶುರುವಾದೊಡನೆ ಖಲಾಸಿಗಳು ಬ್ರಿಟನ್ನಿನ ಬಂದರುಗಳಲ್ಲಿ ಮುಷ್ಕರ ಹೂಡಿದರು. ಹಲವರು ಸೆರೆಮನೆ ಕಂಡರು. ಆಮೇಲೂ ಹಡಗು ಹತ್ತಿದರು. ಅಮೆರಿಕದಲ್ಲಿಯೂ 1944ರ ಕಾನೂನು ಮರಳಿ ಬಂದ ಸೈನಿಕರಿಗೆ ಓದು, ಮನೆ ಎಲ್ಲಕ್ಕೂ ನೆರವು ಕೊಟ್ಟಿತು. ಸರಕು ಹಡಗಿನವರನ್ನು ಹೊರಗಿಟ್ಟಿತು. ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ 1988ರಲ್ಲಿ ಅವರನ್ನು ಮಾಜಿ ಸೈನಿಕರೆಂದು ಒಪ್ಪಿಕೊಂಡರು. ಅಷ್ಟರಲ್ಲಿ ಓದುವ ವಯಸ್ಸೂ ಮನೆ ಕಟ್ಟುವ ವಯಸ್ಸೂ ಕಳೆದಿದ್ದವು.

ಎರಡನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು, ನಮ್ಮ ಜಿಲ್ಲೆಗೇ ಸೇರಿದ್ದು. ಮುಳುಬಾಗಿಲಿನ ಡಿ.ವಿ.ಜಿ. ಅವರು 'ವನಸುಮ'ದಲ್ಲಿ, ಯಾರ ಮೆಚ್ಚಿಕೆಯನ್ನೂ ಬಯಸದೆ ಕಾಡಿನಲ್ಲಿ ಅರಳುವ ಹೂವಿನಂಥ ಬಾಳನ್ನು ಬೇಡಿಕೊಂಡರು. ಅದು ನಮಗೆಲ್ಲ ಆದರ್ಶ. ಹಾಗಿದ್ದ ಮೇಲೆ ಮನ್ನಣೆಗಾಗಿ ಈ ಗೋಗರೆತವೇಕೆ? ನನ್ನ ಉತ್ತರವಿಷ್ಟೆ: ವನಸುಮದ ಪ್ರಾರ್ಥನೆಯನ್ನು ಮನುಷ್ಯ ತನಗಾಗಿ ಮಾಡಿಕೊಳ್ಳಬೇಕು, ಇನ್ನೊಬ್ಬನ ತಲೆಗೆ ಕಟ್ಟತಕ್ಕದ್ದಲ್ಲ. ತನಗಾಗಿ ಮರೆವನ್ನು ಬೇಡಿದ ಅದೇ ಡಿ.ವಿ.ಜಿ. 'ಜ್ಞಾಪಕ ಚಿತ್ರಶಾಲೆ'ಯ ಸಂಪುಟ ಸಂಪುಟಗಳಲ್ಲಿ ಇತರರನ್ನು ನೆನೆದರು. ದೊಡ್ಡವರ ಜತೆಗೆ, ಲೋಕ ಗಮನಿಸದ ಸಾಮಾನ್ಯರನ್ನೂ ಹೆಸರಿಟ್ಟು ನೆನೆದರು. ಎರಡನ್ನೂ ಒಟ್ಟಿಗೆ ಓದಿದಾಗ ಅವರ ಧರ್ಮ ಸ್ಪಷ್ಟವಾಗುತ್ತದೆ. ಹೆಸರನ್ನು ಬಯಸದಿರುವುದು ಸೇವೆ ಮಾಡಿದವನ ದೊಡ್ಡತನ. ಹೆಸರನ್ನು ಹೇಳದಿರುವುದು ಸೇವೆ ಪಡೆದವನ ಸಣ್ಣತನ.

ಈ ಧರ್ಮ ನಮ್ಮ ನೆಲದಲ್ಲಿ ಡಿ.ವಿ.ಜಿ.ಗಿಂತ ಸಾವಿರ ವರ್ಷ ಹಳೆಯದು. ಕೋಲಾರ ಸೀಮೆಯ ಕೆರೆ ಏರಿಗಳಲ್ಲಿ, ತೋಪುಗಳಲ್ಲಿ ನಿಂತ ವೀರಗಲ್ಲುಗಳನ್ನು ನೋಡಿ. ರೈಸ್ ಸಾಹೇಬರು 1905ರಲ್ಲಿ ಅಚ್ಚು ಹಾಕಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಇಂಥವು ತುಂಬಿವೆ. ಸತ್ತವನು ಅರಸನೇ ಆಗಬೇಕಿರಲಿಲ್ಲ. ಊರ ದನ ಬಿಡಿಸಲು ಹೋಗಿ ಮಡಿದವನಿಗೂ ಕಲ್ಲುಂಟು. ಆ ಶಾಸನಗಳು ಚಿಕ್ಕವು, ಆದರೆ ಹೇಳಬೇಕಾದ ಮೂರನ್ನೂ ಹೇಳುತ್ತವೆ: ಇವನು ಯಾರು, ಏನು ಮಾಡಿ ಸತ್ತನು, ಅವನ ಮನೆಯವರಿಗೆ ಏನು ಕೊಟ್ಟರು. ಆ ಕೊಡುಗೆಯ ಹೊಲಕ್ಕೆ ಕಲ್ನಾಡು ಎಂಬ ಹೆಸರೂ ಇತ್ತು. ಹತ್ತನೆಯ ಶತಮಾನದ ಆತಕೂರಿನ ಶಾಸನವಂತೂ ಹಂದಿಯೊಡನೆ ಕಾದಿ ಸತ್ತ ಕಾಳಿಯೆಂಬ ನಾಯಿಯ ಹೆಸರನ್ನೂ ಬಿಟ್ಟಿಲ್ಲ. ಕಡಲಿನವರಿಗೂ ಈ ಪದ್ಧತಿ ಸಂದಿದೆ: ಮುಂಬಯಿಯ ಏಕ್ಸಾರಿನ ವೀರಗಲ್ಲುಗಳಲ್ಲಿ ಹಡಗುಗಳ ಕಾಳಗವನ್ನೇ ಕೆತ್ತಿದ್ದಾರೆ.

ಈ ಮೂರು ಮಾತಿನ ಅಳತೆಗೋಲನ್ನು ಈಚಿನ ಸ್ಮಾರಕಗಳಿಗೆ ಹಿಡಿದು ನೋಡೋಣ. ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ 1955ರಲ್ಲಿ ಸೇರಿಸಿದ ಭಾಗವೊಂದರಲ್ಲೇ ಎರಡನೆಯ ಮಹಾಯುದ್ಧದ ಸುಮಾರು 24,000 ನಾವಿಕರ ಹೆಸರು ಕಂಚಿನಲ್ಲಿದೆ. ಕಲ್ಕತ್ತೆಯಲ್ಲಿ ಮೊದಲ ಮಹಾಯುದ್ಧದಲ್ಲಿ ಮಡಿದ 896 ಖಲಾಸಿಗಳಿಗಾಗಿ 1924ರಲ್ಲಿ ನಿಲ್ಲಿಸಿದ ಸ್ತಂಭವಿದೆ. ಅದು ಎಣಿಕೆಯನ್ನು ಹೇಳುತ್ತದೆ. ಎರಡನೆಯ ಯುದ್ಧದಲ್ಲಿ ಕಡಲು ಪಾಲಾದ ಸುಮಾರು 6,500 ಭಾರತೀಯ ನಾವಿಕರ ಹೆಸರುಗಳು ಚಿತ್ತಗಾಂಗ್ ಮತ್ತು ಮುಂಬಯಿಗಳಲ್ಲಿ ಇಟ್ಟ ಪುಸ್ತಕದಲ್ಲಿವೆ. ಪುಸ್ತಕ ಬೇಡವೆನ್ನುವುದಿಲ್ಲ, ಆದರೆ ಒಬ್ಬರಿಗೆ ಬೀದಿಯಲ್ಲಿ ಹೋಗುವವನೂ ಓದುವ ಕಂಚು, ಇನ್ನೊಬ್ಬರಿಗೆ ಹುಡುಕಿಕೊಂಡು ಹೋದವನು ಮಾತ್ರ ಓದುವ ಹಾಳೆ. ಏನು ಮಾಡಿ ಸತ್ತರೆಂಬ ಎರಡನೆಯ ಮಾತನ್ನು ಪಟ್ಟಿಗಳು ಹೇಳಲಾರವು. ಅದು ಸಾಹಿತ್ಯದ ಕೆಲಸ.

ಏಪ್ರಿಲ್ 5ನ್ನು ನಮ್ಮ ದೇಶ 1964ರಿಂದ ರಾಷ್ಟ್ರೀಯ ಕಡಲ ದಿನವಾಗಿ ಆಚರಿಸುತ್ತ ಬಂದಿದೆ. 1919ರಲ್ಲಿ ಸಿಂಧಿಯಾ ಕಂಪನಿಯ 'ಲಾಯಲ್ಟಿ' ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟ ನೆನಪು ಅದು. ಅಲ್ಲಿಯೂ ನೆನಪಿನಲ್ಲಿ ಉಳಿದದ್ದು ಹಡಗು. ಆ ದಿನ ನಮ್ಮ ಶಾಲೆಗಳಲ್ಲಿ 'ಗೇರುಸೊಪ್ಪ'ದ ಜನರ ಕಥೆಯನ್ನು ಒಬ್ಬ ಮೇಷ್ಟ್ರು ಹೇಳಿದರೂ ಲಾಭವೇ. ಅವರೆಲ್ಲ ಕನ್ನಡಿಗರೆಂದು ಹೇಳಿಕೊಳ್ಳುವ ಆಸೆ ನನಗಿಲ್ಲ, ಅಗತ್ಯವೂ ಇಲ್ಲ. ನಮ್ಮ ಊರಿನ ಹೆಸರನ್ನು ಹೊತ್ತ ಹಡಗಿನಲ್ಲಿ ಸತ್ತರೆಂಬ ಋಣ ಸಾಕು. ಶರಾವತಿಯ ದಡದಲ್ಲಿ, ಬಸದಿಗಳ ಊರಿನಲ್ಲಿ, ಆ 85 ಹೆಸರುಗಳನ್ನು ಕನ್ನಡ ಅಕ್ಷರದಲ್ಲಿ ಕೆತ್ತಿ ಒಂದು ಕಲ್ಲು ನಿಲ್ಲಿಸಿದರೆ, ಸಾವಿರ ವರ್ಷದ ಹಳೆಯ ಪದ್ಧತಿಗೆ ನಾವು ಹೊಸದಾಗಿ ಸೇರಿಸುವುದು ಏನೂ ಇರುವುದಿಲ್ಲ; ನಡೆಸಿಕೊಂಡು ಹೋದಂತಾಗುತ್ತದೆ, ಅಷ್ಟೆ.