ಸ್ಟೇಟಸ್ ನೋಡಿದರೆ ಸಾಕೆ?

ಬೆಳಗಾವಿಯ ಕರ್ನಾಟಕ ಒನ್ ಇರಲಿ, ಖಾನಾಪುರ ತಾಲ್ಲೂಕಿನ ಗ್ರಾಮ ಒನ್ ಇರಲಿ, ಕೌಂಟರಿನ ಮುಂದೆ ನಿಂತ ಹೆಣ್ಣುಮಕ್ಕಳು ಹೆಚ್ಚಾಗಿ ಕೇಳುವುದು ಒಂದೇ ಮಾತು: ‘ಗೃಹಲಕ್ಷ್ಮಿ ರೊಕ್ಕ ಬಂದಿಲ್ರಿ, ಸ್ಟೇಟಸ್ ನೋಡ್ರಿ.’ ಆಪರೇಟರು ಅದನ್ನಷ್ಟೇ ನೋಡಿ ಹೇಳುತ್ತಾರೆ. ಈ ಮನೆಗೆ ಇನ್ನೇನು ಸಿಗಬೇಕಿತ್ತು ಎಂದು ವಿಚಾರಿಸುವವರಿಲ್ಲ. ನಮ್ಮ ಪದ್ಧತಿಯ ದೊಡ್ಡ ಕೊರತೆ ಇದು.

ಲೆಕ್ಕ ಹಾಕಿ ನೋಡಿ. ರೇಷನ್ ಕಾರ್ಡಿನ ಯಜಮಾನಿ, 65 ದಾಟಿದ ಕೂಲಿಕಾರ ಅತ್ತೆ. ಗಂಡ ತೀರಿಕೊಂಡ ಸೊಸೆ. ಗೃಹಲಕ್ಷ್ಮಿಯ 2,000, ಸಂಧ್ಯಾ ಸುರಕ್ಷಾದ 1,200, ವಿಧವಾ ವೇತನದ 800 ಸೇರಿದರೆ ತಿಂಗಳಿಗೆ 4,000 ರೂಪಾಯಿ. ಬಡವರ ಮನೆಗೆ ಇದು ಸಣ್ಣ ಮೊತ್ತವಲ್ಲ. ಆದರೆ ಮೊದಲನೆಯದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು, ಉಳಿದೆರಡು ಕಂದಾಯ ಇಲಾಖೆಯವು. ಅವಕ್ಕೆ ನಾಡಕಚೇರಿಯ ದಾರಿ ಹಿಡಿಯಬೇಕು. ಆದಾಯ ಪ್ರಮಾಣಪತ್ರ, ಗಂಡನ ಮರಣ ಪ್ರಮಾಣಪತ್ರ ಹೊಂದಿಸಬೇಕು. ಕಣಕುಂಬಿ, ಜಾಂಬೋಟಿ ಕಡೆಯ ಕಾಡಂಚಿನ ಊರಿನವರಿಗೆ ಅಂದಿನ ಪಗಾರ ಹೋದಂತೆಯೇ. ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿದೀತು, ಕೂಲಿ ಉಳಿಯದು. ಮನೆಮಾತು ಮರಾಠಿಯಾದವರಿಗೆ ಅರ್ಜಿ ಓದಿ ಹೇಳುವವರೂ ಬೇಕು.

ಸರ್ಕಾರದ ‘ಕುಟುಂಬ’ ದತ್ತಾಂಶದಲ್ಲಿ ಮನೆಮಂದಿಯ ವಿವರವಿದೆ. ವಯಸ್ಸು ತುಂಬಿದವರನ್ನು ತಾನೇ ಗುರುತಿಸಿ, ಅರ್ಜಿಗೆ ಕಾಯದೆ ಪಿಂಚಣಿ ಕೊಡುವ ‘ನವೋದಯ’ದ ಯೋಚನೆ ನಿಜಕ್ಕೂ ಒಳ್ಳೆಯದು, ಎಲ್ಲ ಯೋಜನೆಗಳೂ ಆ ದಾರಿಗೆ ಬರಬೇಕಿತ್ತು. ಬದಲಿಗೆ ತಾಳೆ ನೋಡುವ ಕೆಲಸ ತೆರಿಗೆದಾರರನ್ನೂ ಜಿಎಸ್‌ಟಿ ಸಲ್ಲಿಸುವವರನ್ನೂ ಹುಡುಕಿ ಗೃಹಲಕ್ಷ್ಮಿಯಿಂದ ಹೊರಗಿಡುವುದರಲ್ಲೇ ಚುರುಕಾಯಿತು. ಜಿಎಸ್‌ಟಿಯ ಹೆಸರೇ ಕೇಳದವರೂ ಆ ಪಟ್ಟಿಯಲ್ಲಿ ಸಿಕ್ಕಿಕೊಂಡದ್ದುಂಟು. ತಪ್ಪಿಸಲು ತೋರಿದ ಶ್ರದ್ಧೆಯನ್ನು ತಲುಪಿಸಲೂ ತೋರಿಸದಿದ್ದರೆ ಅದು ಅರ್ಧ ಆಡಳಿತ.

ಇದಕ್ಕಿಂತ ಮೇಲಾದ ಮಾದರಿಯನ್ನು ನಾನು ಖಾನಾಪುರದಲ್ಲೇ ಕಾಣುತ್ತೇನೆ. ಜಾಗೃತಿ ಮಹಿಳಾ ಒಕ್ಕೂಟದ ಹೆಂಗಸರು 2005ರ ಉದ್ಯೋಗ ಖಾತರಿ ಕಾಯ್ದೆಯನ್ನು ತಿಳಿದುಕೊಂಡು, ಗುಂಪಾಗಿ ಪಂಚಾಯ್ತಿಗೆ ಹೋಗಿ ಕೆಲಸ ಕೇಳಿದರು. ಆ ಕಾಯ್ದೆಯಡಿ ನಮೂನೆ 6ರ ಅರ್ಜಿಗೆ ತಾರೀಕು ಹಾಕಿದ ರಸೀದಿ ಸಿಕ್ಕರೆ 15 ದಿನದೊಳಗೆ ಕೆಲಸ ಕೊಡಬೇಕಿತ್ತು, ಇಲ್ಲವೇ ನಿರುದ್ಯೋಗ ಭತ್ಯೆ. ಬೇಡುವವರನ್ನು ಹಕ್ಕಿನವರನ್ನಾಗಿ ಮಾಡಿದ್ದು ಆ ರಸೀದಿ, ಮತ್ತು ಜೊತೆಯಲ್ಲಿ ನಿಂತ ನಾಲ್ಕು ಜನ.

ಸ್ತ್ರೀಶಕ್ತಿ ಸಂಘಗಳ ಅಕ್ಕಂದಿರಲ್ಲಿ ಒಂದು ವಿನಂತಿ: ಮುಂದಿನ ಸಭೆಗೆ ಉಳಿತಾಯದ ಪುಸ್ತಕದ ಜೊತೆ ಪ್ರತಿ ಮನೆಯ ರೇಷನ್ ಕಾರ್ಡನ್ನೂ ತರಿಸಿ. ಒಬ್ಬೊಬ್ಬರ ವಯಸ್ಸು, ಸ್ಥಿತಿ ನೋಡಿ ಯಾರಿಗೆ ಏನು ಬರಬೇಕೆಂದು ಬರೆದಿಡಿ. ನಾಡಕಚೇರಿಗೆ ಒಟ್ಟಿಗೆ ಹೋಗಿ, ಸ್ವೀಕೃತಿ ಪತ್ರ ಕೈಗೆ ಬರುವವರೆಗೆ ಹಿಂತಿರುಗಬೇಡಿ.